ಮಾನಸಿಕ ಆಸ್ಪತ್ರೆಯ ತೋಟದಲ್ಲಿ ಸ್ವಯಂಸೇವೆ: ಶುರು ಮಾಡುವುದು ಹೇಗೆ?

ವಾರಕ್ಕೆ ಒಂದು ದಿನ, ಎರಡು ಗಂಟೆ. ಇಷ್ಟು ಸಮಯ ಇದ್ದರೆ ಮಾನಸಿಕ ಆರೋಗ್ಯ ಆಸ್ಪತ್ರೆಯ ತೋಟದಲ್ಲಿ ನೀವು ನಿಜಕ್ಕೂ ಉಪಯೋಗಕ್ಕೆ ಬರುತ್ತೀರಿ. ಆದರೆ ಮಂಗಳವಾರ ಬರುತ್ತೇನೆ ಅಂದರೆ ಮಂಗಳವಾರವೇ ಹೋಗಬೇಕು. ಮಳೆ ಬಂದರೂ, ಮನೆಗೆ ನೆಂಟರು ಬಂದರೂ. ವಾರ್ಡಿನಲ್ಲಿರುವವರಿಗೆ ಸೋಮವಾರಕ್ಕೂ ಗುರುವಾರಕ್ಕೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. "ಇವತ್ತು ತೋಟದವರು ಬರ್ತಾರೆ" ಅನ್ನುವುದು ಅವರಿಗೆ ವಾರದ ಒಂದು ಗುರುತಾಗುತ್ತದೆ. ಮೂರು ವಾರ ಬಂದು ನಾಲ್ಕನೇ ವಾರ ಹೇಳದೆ ಕೇಳದೆ ಬಿಟ್ಟುಬಿಟ್ಟರೆ ಆಗುವ ಬೇಸರ, ಯಾರೂ ಬಾರದೇ ಇದ್ದರೆ ಆಗುವುದಕ್ಕಿಂತ ಹೆಚ್ಚು.

ನಾನು ಕೆಲವು ವರ್ಷ ಈ ಕೆಲಸ ಮಾಡಿದ್ದೇನೆ. ಶುರು ಮಾಡುವಾಗ ಯಾರಾದರೂ ಇದನ್ನೆಲ್ಲ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿ ಬರೆಯುತ್ತಿದ್ದೇನೆ.

ಎಲ್ಲಿ ಕೇಳುವುದು

ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಬಡಗಿ ಕೆಲಸದ ಜತೆಗೆ ತೋಟಗಾರಿಕೆಯನ್ನೂ ಕಲಿಸುತ್ತಾ ಬಂದಿದ್ದಾರೆ. ದೊಡ್ಡ ಆಸ್ಪತ್ರೆಗಳಲ್ಲಿ ನೀವು ಹುಡುಕಬೇಕಾದ ಬಾಗಿಲು ಇದೇ, ಪುನರ್ವಸತಿ ವಿಭಾಗ. ಹೊರರೋಗಿ ವಿಭಾಗದ ಕೌಂಟರಿನಲ್ಲಿ ಕೇಳಿದರೆ ಪಾಪ, ಅವರಿಗೆ ಅಲ್ಲಿನ ಸಾಲು ನೋಡಿಕೊಳ್ಳುವುದೇ ಸಾಕಾಗಿರುತ್ತದೆ.

ದೊಡ್ಡ ಸಂಸ್ಥೆಗೇ ಹೋಗಬೇಕೆಂದೇನಿಲ್ಲ. ಬೆಂಗಳೂರಿನಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿ, ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಥರದ ಸಂಸ್ಥೆಗಳು ಹಾಫ್‌ವೇ ಹೋಮ್ ನಡೆಸುತ್ತವೆ. ಆಸ್ಪತ್ರೆಯಿಂದ ಹೊರಗೆ ಬಂದವರು ಮನೆಗೆ ಹೋಗುವ ಮುಂಚೆ ಕೆಲವು ತಿಂಗಳು ಇರುವ ಜಾಗ ಅದು. ಜಿಲ್ಲೆಗಳಲ್ಲಿ ಮಾನಸಧಾರ ಎಂಬ ಹಗಲು ಆರೈಕೆ ಕೇಂದ್ರಗಳಿವೆ. ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಮೊದಲ ಸಲ ಈ ಕೆಲಸಕ್ಕೆ ಇಳಿಯುವವರು ಇಂಥ ಚಿಕ್ಕ ಜಾಗದಿಂದ ಶುರು ಮಾಡುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಜನ ಕಡಿಮೆ, ಮುಖ ಪರಿಚಯ ಬೇಗ ಆಗುತ್ತದೆ.

ಅರ್ಜಿ ಉದ್ದ ಬೇಡ. ಹೀಗಿದ್ದರೆ ಸಾಕು:

"ಮಾನ್ಯರೇ, ನನಗೆ ಮನೆಯಂಗಳದಲ್ಲಿ ಸೊಪ್ಪು, ತರಕಾರಿ, ಹೂ ಬೆಳೆದು ಅಭ್ಯಾಸವಿದೆ. ತಮ್ಮ ಆಸ್ಪತ್ರೆಯ ತೋಟದಲ್ಲಿ ಪ್ರತಿ ಮಂಗಳವಾರ ಎರಡು ಗಂಟೆ, ಕನಿಷ್ಠ 6 ತಿಂಗಳು, ಸಂಬಳವಿಲ್ಲದೆ ಕೆಲಸ ಮಾಡಲು ಸಿದ್ಧನಿದ್ದೇನೆ. ತಮ್ಮ ಸಿಬ್ಬಂದಿ ಹೇಳಿದಂತೆ ನಡೆದುಕೊಳ್ಳುತ್ತೇನೆ. ಫೋಟೊ ತೆಗೆಯುವುದಿಲ್ಲ, ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ. ಒಮ್ಮೆ ಭೇಟಿಗೆ ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಇದರ ಜತೆ ಆಧಾರ್ ಪ್ರತಿ, ಒಂದು ಫೋಟೊ ಇಡಿ. ಕೆಲವು ಕಡೆ ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳುತ್ತಾರೆ. ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ. ಎರಡು ವಾರ ಬಿಟ್ಟು ನೀವೇ ಹೋಗಿ ಸೋಶಿಯಲ್ ವರ್ಕರ್ ಒಬ್ಬರನ್ನು ಕಾಣಿ. ಸಾಮಾನ್ಯವಾಗಿ ಕೆಲಸ ಮುಂದೆ ಹೋಗುವುದು ಅವರಿಂದಲೇ. ಈ ಮಧ್ಯೆ ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡು 10 ವರ್ಷ ಆಗಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ. ಮಣ್ಣಿನ ಕೆಲಸ ಅಲ್ವಾ.

ಮೊದಲ ದಿನ ಗುದ್ದಲಿ ಹಿಡಿಯಬೇಡಿ

ಮೊದಲ ದಿನ ಸುಮ್ನೆ ನೋಡಿ. ನೀರಿನ ನಲ್ಲಿ ಎಲ್ಲಿದೆ, ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಕೂರಲು ಕಟ್ಟೆ ಇದೆಯಾ, ಶೌಚಾಲಯ ಎಷ್ಟು ದೂರ. ಡಾಕ್ಟರ್ ರೌಂಡ್ಸ್ ಯಾವಾಗ, ಮಾತ್ರೆ ಕೊಡುವ ಹೊತ್ತು ಯಾವುದು, ಊಟ ಎಷ್ಟಕ್ಕೆ ಅಂತ ಸಿಸ್ಟರ್ ಹತ್ತಿರ ಕೇಳಿ ಬರೆದುಕೊಳ್ಳಿ. ನಿಮ್ಮ ಎರಡು ಗಂಟೆ ಇವುಗಳ ನಡುವೆ ಕೂರಬೇಕು. ಸಾಮಾನ್ಯವಾಗಿ ರೌಂಡ್ಸ್ ಮುಗಿದ ಮೇಲೆ ಊಟದ ಮುಂಚೆ, ಇಲ್ಲವೇ ಮಧ್ಯಾಹ್ನ ಮೂರೂವರೆಯ ಮೇಲೆ. ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗೆ ತುಂಬ ಹೊತ್ತಿನವರೆಗೂ ಇರುತ್ತದೆ. ಅದಕ್ಕೆ ಬೆಳಗ್ಗೆ ಏಳಕ್ಕೆ ಜನ ಬರಲಿಲ್ಲ ಅಂತ ದೂರಬಾರದು.

ಆಸ್ಪತ್ರೆಯ ಮಾಲಿಯವರನ್ನು ಮೊದಲ ದಿನವೇ ಮಾತಾಡಿಸಿ. ಆ ತೋಟ ಅವರದು. "ಅಣ್ಣ, ನಾನು ಮಂಗಳವಾರ ಬರ್ತೀನಿ, ಯಾವ ಮೂಲೆ ನನಗೆ ಬಿಡ್ತೀರಿ?" ಅಂತ ಕೇಳಿ. ಅವರ ಗುಲಾಬಿ ಸಾಲಿಗೆ ಕೈ ಹಾಕಬೇಡಿ. ನೀವು ಇಲ್ಲದ ಆರು ದಿನ ನೀರು ಹಾಕುವವರು ಅವರೇ ಅನ್ನುವುದು ನೆನಪಿರಲಿ.

ಗೇಟಿನೊಳಗೆ ಏನು ಹೋಗಬಾರದು

ಈ ಭಾಗವನ್ನು ಎರಡು ಸಲ ಓದಿ.

ಕೀಟನಾಶಕ, ಕಳೆನಾಶಕ ಯಾವುದೂ ಬೇಡ. ಒಂದು ಚಿಕ್ಕ ಬಾಟಲಿಯೂ ಬೇಡ. ಹುಳ ಬಿದ್ದರೆ ಕೈಯಲ್ಲಿ ಆರಿಸಿ, ಇಲ್ಲವೇ ಆ ಮಡಿಯನ್ನೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಕಣಗಿಲೆ, ದತ್ತೂರಿ, ಹರಳು, ಗುಲಗಂಜಿ ಥರದ ವಿಷದ ಗಿಡಗಳು ತೋಟದಲ್ಲಿ ಇರಬಾರದು. ತಾನಾಗೇ ಹುಟ್ಟಿದ್ದರೆ ಸಿಬ್ಬಂದಿಗೆ ತೋರಿಸಿ ತೆಗೆಸಿ. ಹಗ್ಗ, ತಂತಿ, ಗಾಜಿನ ಬಾಟಲಿ, ನಿಮ್ಮ ಬ್ಯಾಗಿನಲ್ಲಿರುವ ಬ್ಲೇಡು, ಮಾತ್ರೆ, ಬೆಂಕಿಪೊಟ್ಟಣ, ಎಲ್ಲವನ್ನೂ ಗೇಟಿನಲ್ಲೇ ಬಿಡಿ.

ಉಪಕರಣಗಳನ್ನು ಎಣಿಸಿ ತೆಗೆದುಕೊಳ್ಳಿ, ಎಣಿಸಿ ವಾಪಸ್ ಕೊಡಿ. ಒಂದು ಪುಸ್ತಕದಲ್ಲಿ ಬರೆಯಿರಿ: ಸಲಿಕೆ 2, ಕಳೆ ತೆಗೆಯುವ ಕುರ್ಪಿ 5, ಮಗ್ಗು 6. ಕೆಲಸ ಮುಗಿದಾಗ ಒಂದು ಕುರ್ಪಿ ಕಡಿಮೆ ಇದ್ದರೆ ಯಾರೂ ಆ ಜಾಗ ಬಿಟ್ಟು ಹೋಗುವ ಮುಂಚೆಯೇ ಸಿಸ್ಟರ್‌ಗೆ ಹೇಳಿ. ಮುಜುಗರ ಆಗುತ್ತದೆ, ಹೌದು. ಆದರೂ ಹೇಳಿ. ಸಾಧ್ಯವಾದಷ್ಟೂ ಕೈಯಲ್ಲೇ ಆಗುವ ಕೆಲಸ ಆರಿಸಿಕೊಳ್ಳಿ. ಬಿತ್ತುವುದು, ಸಸಿ ನೆಡುವುದು, ನೀರು ಹಾಕುವುದು, ಸೊಪ್ಪು ಕೀಳುವುದು, ಇವಕ್ಕೆ ಕಬ್ಬಿಣವೇ ಬೇಡ. ಗುದ್ದಲಿಯಲ್ಲಿ ಅಗೆಯುವ ಕೆಲಸವನ್ನು ನೀವು ಮತ್ತು ಮಾಲಿ ಮೊದಲೇ ಮುಗಿಸಿಡಿ.

ಇಲ್ಲಿರುವವರನ್ನು ಕಂಡು ಹೆದರಿ ಅಂತ ಇದನ್ನೆಲ್ಲ ಹೇಳುತ್ತಿಲ್ಲ. ಕಷ್ಟದ ದಿನದಲ್ಲಿರುವ ಒಬ್ಬರ ಕೈಗೆ ಅಪಾಯದ ವಸ್ತು ಸಿಗದ ಹಾಗೆ ನೋಡಿಕೊಳ್ಳುವುದು ಅವರನ್ನು ಕಾಪಾಡುವ ಕೆಲಸ.

ಮಡಿ ಮತ್ತು ಬೀಜ

ಮಡಿ ನಾಲ್ಕು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಮಧ್ಯಕ್ಕೆ ತಲುಪಬೇಕು, ಯಾರೂ ಮಡಿ ತುಳಿಯಬಾರದು. ವಯಸ್ಸಾದವರಿಗೆ, ಬಗ್ಗಲು ಆಗದವರಿಗೆ ಕಟ್ಟೆಯ ಮೇಲೆ ನಾಲ್ಕು ಗ್ರೋ ಬ್ಯಾಗ್ ಇಡಿ. ಕೆಮ್ಮಣ್ಣಿಗೆ ಅದರ ಅರ್ಧದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಹಸಿ ಸಗಣಿ ಬೇಡ.

ಏನು ಬೆಳೆಯಬೇಕು ಅನ್ನುವುದಕ್ಕೆ ನನ್ನ ಉತ್ತರ ಒಂದೇ, ಬೇಗ ಬರುವುದನ್ನು. ಒಳಗಿರುವವರು ಮೂರು ವಾರಕ್ಕೋ ಆರು ವಾರಕ್ಕೋ ಮನೆಗೆ ಹೋಗಬಹುದು. ಅವರು ಬಿತ್ತಿದ್ದನ್ನು ಅವರೇ ನೋಡಬೇಕು. ಮೆಂತ್ಯ ಮೂರರಿಂದ ಐದು ದಿನದಲ್ಲಿ ಮೊಳೆಯುತ್ತದೆ, 25-30 ದಿನಕ್ಕೆ ಸೊಪ್ಪು. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯವೇ ಸಾಕು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಮೊಳೆಯಲು ಎಂಟು ಹತ್ತು ದಿನ ಬೇಕು. ತಾಳ್ಮೆ ಕಡಿಮೆ ಇರುವ ವಾರಗಳಲ್ಲಿ ಅದನ್ನು ಶುರು ಮಾಡಬೇಡಿ. ದಂಟಿನ ಸೊಪ್ಪಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಚೆನ್ನಾಗಿದೆ. ಒಮ್ಮೆ ಕೊಯ್ದರೆ ಮತ್ತೆ ಚಿಗುರುತ್ತದೆ. ಒಬ್ಬರು ಹೋದ ಮೇಲೂ ಅವರ ಸಾಲು ಇನ್ನೊಬ್ಬರಿಗೆ ಸೊಪ್ಪು ಕೊಡುತ್ತಿರುತ್ತದೆ. ಬಸಳೆ, ದೊಡ್ಡಪತ್ರೆಗೆ ಬೀಜವೂ ಬೇಡ, ಒಂದು ಕಡ್ಡಿ ಸಿಕ್ಕಿಸಿದರೆ ಆಯಿತು. ದೊಡ್ಡಪತ್ರೆಯ ಎಲೆ ಮುರಿದು ಮೂಸಿದಾಗ ಎಷ್ಟೋ ಜನ ತಂಬುಳಿಯ ಮಾತು ತೆಗೆಯುತ್ತಾರೆ, ಮಕ್ಕಳ ಶೀತದ ಮಾತು ತೆಗೆಯುತ್ತಾರೆ.

ಜುಲೈ ಕೊನೆಗೆ ಚೆಂಡುಹೂ ಬಿತ್ತಿ. ಸುಮಾರು ಎರಡು ತಿಂಗಳಿಗೆ ಹೂ, ದಸರಾ ಹೊತ್ತಿಗೆ ಸರಿಹೋಗುತ್ತದೆ. ಬೆಂಗಳೂರಿನವರಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಸಸಿಗಳೂ ಸಿಗುತ್ತವೆ. ಮಾವು, ತೆಂಗು ನೆಟ್ಟು ಫಲಕ ಹಾಕಿಸುವ ಆಸೆ ಇದ್ದರೆ ಅದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿಗೆ ಬೇಕಾದ್ದು ಈ ತಿಂಗಳು ಕಾಣುವ ಹಸಿರು.

ಜತೆಗೆ ಕೂತು ಮಾಡುವುದು

ದಂಟಿನ ಬೀಜ ಎಷ್ಟು ಸಣ್ಣದು ಅಂತ ಗೊತ್ತಲ್ಲ. ಸಾಸಿವೆಗಿಂತ ಚಿಕ್ಕದು, ಕರ‍್ರಗೆ ಮಿಂಚುತ್ತದೆ. ಒಂದು ಚಿಟಿಕೆ ಜಾಸ್ತಿ ಬಿದ್ದರೆ ಒಂದೇ ಕಡೆ ಗುಂಪಾಗಿ ಹುಟ್ಟುತ್ತದೆ. ಒಬ್ಬರು ಹಿರಿಯರಿಗೆ ಔಷಧಿಯಿಂದ ಕೈ ನಡುಗುತ್ತಿತ್ತು. ಮೊದಲ ಸಲ ಬೀಜವೆಲ್ಲ ಒಂದೇ ಜಾಗದಲ್ಲಿ ಸುರಿದು ಹೋಯಿತು. ಅವರು ಕೈ ಹಿಂದಕ್ಕೆ ಎಳೆದುಕೊಂಡು, "ನಂಗಾಗಲ್ಲ ಬಿಡಿ" ಅಂದರು. ಮುಂದಿನ ವಾರ ಹಳ್ಳಿಯಲ್ಲಿ ಮಾಡುವ ಹಾಗೆ ಮಾಡಿದೆವು. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ, ಅಗಲ ಬಾಯಿಯ ಡಬ್ಬಿಗೆ ಹಾಕಿ ಅವರ ಕೈಗೆ ಕೊಟ್ಟೆ. ಡಬ್ಬಿಯಿಂದ ಮರಳು ತೆಗೆದು ಮಡಿಯ ಮೇಲೆ ಕೈ ಆಡಿಸಿದರು. ಆ ನಡುಕಕ್ಕೇ ಬೆರಳ ಸಂದಿಯಿಂದ ಮರಳು ಸಣ್ಣಗೆ, ಹದವಾಗಿ ಉದುರಿತು. ಐದನೇ ದಿನಕ್ಕೆ ಮೊಳಕೆ ಬಂತು. ನನ್ನ ಮಡಿಯಲ್ಲಿ ಅಲ್ಲಲ್ಲಿ ಗುಂಪು, ಅವರ ಮಡಿ ಜಮಖಾನ ಹಾಸಿದ ಹಾಗೆ. ಆಮೇಲೆ ದಂಟು ಬಿತ್ತುವ ಕೆಲಸ ಅವರದ್ದೇ ಆಯಿತು.

ಕೆಲಸವನ್ನು ಕೈಗೆ ಹೊಂದಿಸಬೇಕು ಅಂತ ನಾನು ಕಲಿತದ್ದು ಅಲ್ಲಿ. ನಿಲ್ಲಲು ಆಗದೆ ಓಡಾಡುತ್ತಲೇ ಇರುವವರಿಗೆ ನೀರು ಹೊರುವ ಕೆಲಸ ಕೊಡಿ. ಮಗ್ಗು ಚಿಕ್ಕದಿರಲಿ, ನಾಲ್ಕು ಸಲ ಹೆಚ್ಚು ನಡೆಯಲಿ. ಗದ್ದಲ ಆಗದವರಿಗೆ ಮೂಲೆಯ ಗ್ರೋ ಬ್ಯಾಗ್. ಏನೂ ಮಾಡದೆ ಕಟ್ಟೆಯ ಮೇಲೆ ಕೂತು ನೋಡುವವರು ಇರುತ್ತಾರೆ. ಅವರನ್ನು ಎಬ್ಬಿಸಬೇಡಿ. ನೋಡುವುದೂ ತೋಟದಲ್ಲಿ ಇರುವುದೇ.

ಏನೇ ಹೇಳಿಕೊಟ್ಟರೂ ಒಂದು ಸಲಕ್ಕೆ ಒಂದೇ ಹೇಳಿ, ಬಾಯಲ್ಲಿ ಹೇಳುವ ಜತೆಗೆ ಮಾಡಿ ತೋರಿಸಿ. ಒಮ್ಮೆ "ಇಲ್ಲಿ ಕಳೆ ಕೀಳ್ತಾ ಇರಿ, ಬಂದೆ" ಅಂತ ಹೇಳಿ ನಲ್ಲಿಯ ಹತ್ತಿರ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಚೆಂಡುಹೂವಿನ 40 ಸಸಿಗಳನ್ನು ನೀಟಾಗಿ ಕಿತ್ತು ಪಕ್ಕಕ್ಕೆ ಜೋಡಿಸಿಟ್ಟಿದ್ದರು. ತಪ್ಪು ನನ್ನದೇ. ಕಳೆ ಯಾವುದು, ಸಸಿ ಯಾವುದು ಅಂತ ನಾನು ತೋರಿಸಿಯೇ ಇರಲಿಲ್ಲ. ಇಬ್ಬರೂ ಕೂತು ಮತ್ತೆ ನೆಟ್ಟೆವು, ಅರ್ಧದಷ್ಟು ಬದುಕಿದವು. ಈಗ ಮೊದಲ ಹತ್ತು ಕಳೆಯನ್ನು ಜತೆಗೇ ಕೂತು ಕೀಳುತ್ತೇನೆ.

ಯಾರನ್ನೂ ಒತ್ತಾಯ ಮಾಡಬಾರದು. ಇದು ಬರೀ ಸೌಜನ್ಯದ ಮಾತಲ್ಲ. ಹಳೆಯ ಕಾಲದಲ್ಲಿ ಇಂಥ ಆಸ್ಪತ್ರೆಗಳಲ್ಲಿ ಒಳಗಿದ್ದವರ ಕೈಯಲ್ಲಿ ಹೊಲ, ತೋಟದ ಕೆಲಸ ಮಾಡಿಸಿಕೊಳ್ಳುವುದು ಎಷ್ಟೋ ದೇಶಗಳಲ್ಲಿ ನಡೆದಿತ್ತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಇಷ್ಟವಿಲ್ಲದ ಕೆಲಸವನ್ನು ಅವರಿಂದ ಬಲವಂತವಾಗಿ ಮಾಡಿಸುವಂತಿಲ್ಲ, ಕೆಲಸ ಮಾಡಿದರೆ ಅದಕ್ಕೆ ತಕ್ಕ ಸಂಭಾವನೆ ಪಡೆಯುವ ಹಕ್ಕು ಅವರಿಗಿದೆ. ತೋಟದ ಸೊಪ್ಪು ಮಾರಾಟಕ್ಕೆ ಹೋಗುವಂತಿದ್ದರೆ ಆ ದುಡ್ಡು ಯಾರಿಗೆ, ಹೇಗೆ ಹೋಗುತ್ತದೆ ಅಂತ ಪುನರ್ವಸತಿ ವಿಭಾಗದಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಕೇಳುವುದು ತಪ್ಪಲ್ಲ.

ಬಿಸಿಲು, ಔಷಧಿ, ನೀರು

ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ನಿಮಗೆ ಗೊತ್ತಾಗಬೇಕಿಲ್ಲ, ಕೇಳಲೂಬಾರದು. ಆದರೆ ಎಲ್ಲರಿಗೂ ಅನ್ವಯಿಸುವ ಮೂರು ಎಚ್ಚರಿಕೆ ಇರಲಿ. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರಿ ತೊಂದರೆ ಆಗುತ್ತದೆ. ಅದಕ್ಕೇ ಕುಡಿಯುವ ನೀರಿನ ಕೊಡ ತೋಟದ ಮಧ್ಯದಲ್ಲೇ ಇರಬೇಕು, ಅರ್ಧ ಗಂಟೆಗೊಮ್ಮೆ ನೀವೂ ಕುಡಿಯುತ್ತಾ ಎಲ್ಲರನ್ನೂ ಕರೆಯಬೇಕು. ಕ್ಲೋರ್‌ಪ್ರೊಮಜಿನ್‌ನಂಥ ಕೆಲವು ಔಷಧಿಗಳಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಸೆಕೆಯನ್ನು ಮೈ ತಾಳುವುದಿಲ್ಲ. ಟೋಪಿ ಅಥವಾ ಟವೆಲ್ ಇರಲಿ, ಮಾರ್ಚ್‌ನಿಂದ ಮೇವರೆಗೆ ನೆರಳಿನ ಕೆಲಸವೇ ಇರಲಿ. ಮೂರನೆಯದು, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರು ದಿಢೀರ್ ಅಂತ ಎದ್ದರೆ ತಲೆ ಸುತ್ತಿ ಬೀಳಬಹುದು. ಕೆಲವು ಮಾತ್ರೆಗಳಿಂದ ನಿಂತಾಗ ಬಿ.ಪಿ. ಇಳಿಯುತ್ತದೆ. ಚಿಕ್ಕ ಮಣೆ ಅಥವಾ ಪ್ಲಾಸ್ಟಿಕ್ ಸ್ಟೂಲು ತರಿಸಿಕೊಳ್ಳಿ, "ನಿಧಾನಕ್ಕೆ ಏಳಿ" ಅಂತ ಹೇಳುವುದು ಅಭ್ಯಾಸವಾಗಲಿ.

ಮಾತು

ಎಲ್ಲರಿಗೂ ಬಹುವಚನ. ಅಣ್ಣ, ಅಕ್ಕ, ಅಮ್ಮ, ಅಥವಾ ಹೆಸರಿನ ಜತೆ "ಅವರೇ". ಐವತ್ತು ವರ್ಷದವರನ್ನು "ಬಾ, ಕೂತ್ಕೋ, ಜಾಣ" ಅಂತ ಮಗುವಿನ ಥರ ಮಾತಾಡಿಸುವುದನ್ನು ನೋಡಿದ್ದೇನೆ. ಮನಸ್ಸಿಗೆ ಚುಚ್ಚುತ್ತದೆ. "ಹುಚ್ಚು" ಅನ್ನುವ ಪದವನ್ನು ಗಿಡದ ವಿಷಯಕ್ಕೂ ಬಳಸಬೇಡಿ. "ಹುಚ್ಚೆಳ್ಳು" ಅಂತ ಬಾಯಿಗೆ ಬಂದರೆ ಅಲ್ಲಿ "ಗುರೆಳ್ಳು" ಅನ್ನಿ.

ಏನು ಕಾಯಿಲೆ, ಯಾವಾಗ ಬಂತು, ಮನೆಯವರು ಯಾಕೆ ಬರಲ್ಲ, ಈ ಪ್ರಶ್ನೆಗಳು ಬೇಡ. ನಿಮ್ಮೂರಲ್ಲಿ ಮಳೆ ಹೇಗೆ, ನಿಮ್ಮನೇಲಿ ಹುರುಳಿ ಹಾಕ್ತಿದ್ರಾ, ಬಸಳೆಗೆ ನೀವು ಏನು ಬೆರೆಸ್ತೀರಿ, ಇವು ಬೇಕು. ಬೇಸಾಯದ ಮನೆಯಿಂದ ಬಂದವರು ಎಷ್ಟೋ ಜನ ಇರುತ್ತಾರೆ. ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಿ ಕಲಿಯಿರಿ, ಕಲಿತೆ ಅಂತ ಹೇಳಿ.

ಯಾರೋ ಕಿವಿಯಲ್ಲಿ ಮಾತು ಕೇಳಿಸುತ್ತಿದೆ ಅಂದರೆ ವಾದ ಮಾಡಬೇಡಿ, ಹೌದು ಹೌದು ಅಂತಲೂ ಹೇಳಬೇಡಿ. "ನನಗೆ ಕೇಳಿಸ್ತಿಲ್ಲ, ಆದರೆ ನಿಮಗೆ ಕಷ್ಟ ಆಗ್ತಿದೆ ಅಂತ ಗೊತ್ತಾಗ್ತಿದೆ. ಸಿಸ್ಟರ್ ಹತ್ರ ಹೋಗೋಣ್ವಾ, ಇಲ್ಲಾ ಈ ಸಾಲಿಗೆ ನೀರು ಹಾಕೋಣ್ವಾ?" ಅಷ್ಟು ಸಾಕು. ಬೀಡಿ ಕೇಳುತ್ತಾರೆ, ದುಡ್ಡು ಕೇಳುತ್ತಾರೆ, ಮನೆಗೆ ಒಂದು ಫೋನ್ ಮಾಡಿಸಿ ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಇದು ತುಂಬ ಕಷ್ಟದ ಗಳಿಗೆ. "ನಾನು ಮಾಡೋ ಹಾಗಿಲ್ಲ, ಆದರೆ ಸೋಶಿಯಲ್ ವರ್ಕರ್‌ಗೆ ಇವತ್ತೇ ಹೇಳ್ತೀನಿ" ಅನ್ನಿ, ಮತ್ತೆ ನಿಜವಾಗಿಯೂ ಅವತ್ತೇ ಹೇಳಿ. ಸಾಯಬೇಕು ಅನ್ನಿಸುತ್ತಿದೆ ಅಂತ ಯಾರಾದರೂ ಹೇಳಿದರೆ, "ಯಾರಿಗೂ ಹೇಳಬೇಡಿ" ಅಂದರೂ, ಗುಟ್ಟು ಇಟ್ಟುಕೊಳ್ಳುವ ಮಾತು ಕೊಡಬೇಡಿ. ಅವರ ಪಕ್ಕದಲ್ಲೇ ಇದ್ದು ಇನ್ನೊಬ್ಬರ ಕೈಲಿ ಸಿಸ್ಟರ್‌ಗೆ ಹೇಳಿ ಕಳಿಸಿ.

ಫೋಟೊ ಬೇಡ. ಹೂವಿನದೂ ಬೇಡ, ಹಿಂದೆ ಯಾರದೋ ಮುಖ ಬಿದ್ದಿರುತ್ತದೆ. ಅದೇ ಕಾಯ್ದೆ ಅವರ ವಿಷಯವನ್ನು ಗೋಪ್ಯವಾಗಿಡುವುದನ್ನು ಹಕ್ಕು ಅಂತಲೇ ಹೇಳಿದೆ. ಬಸ್‌ಸ್ಟಾಪಿನಲ್ಲೋ ಮದುವೆಮನೆಯಲ್ಲೋ ಅವರು ಎದುರಾದರೆ ನೀವಾಗಿ ಮಾತಾಡಿಸಬೇಡಿ. ಅವರು ನಕ್ಕರೆ ನಗಿ.

ಇಷ್ಟೆಲ್ಲ ಕೇಳಿ ಮನೆಗೆ ಹೋದ ಮೇಲೆ ನಿಮಗೂ ನಿದ್ದೆ ಬಾರದ ರಾತ್ರಿ ಇರುತ್ತದೆ. ಸೋಶಿಯಲ್ ವರ್ಕರ್ ಜತೆ ತಿಂಗಳಿಗೊಮ್ಮೆ ಕೂತು ಮಾತಾಡಿ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದು ನಿಮಗೂ ಇರುವುದು.

ಕೊಯ್ಲು

ಕೊಯ್ದ ದಿನವೇ ತಿನ್ನುವಂತಾಗಬೇಕು. ಆಸ್ಪತ್ರೆಯ ಅಡುಗೆಮನೆಯವರೊಂದಿಗೆ ಮೊದಲೇ ಮಾತಾಡಿ, ಆ ದಿನದ ಸಾರಿಗೆ ಮೆಂತ್ಯ ಬೀಳಲಿ. ಯಾವುದನ್ನೂ ನೇರವಾಗಿ ಗಿಡದಿಂದ ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ, ತೊಳೆದು ಅಡುಗೆಮನೆಗೇ ಹೋಗಲಿ.

ಹೆಂಗಸರ ವಾರ್ಡಿನ ತೋಟದಲ್ಲಿ ಕನಕಾಂಬರ ಹಾಕಿದರೆ ಅದರ ಸಂಭ್ರಮವೇ ಬೇರೆ. ಕಟ್ಟಲು ದಾರ ಕೊಡುವಂತಿಲ್ಲ. ಒಣಗಿದ ಬಾಳೆನಾರನ್ನು ಒಂದು ಗೇಣಿನಷ್ಟು ತುಂಡು ಮಾಡಿ, ಸಿಸ್ಟರ್‌ಗೆ ತೋರಿಸಿ, ಒದ್ದೆ ಮಾಡಿ ಕೊಡಿ. ಬೆರಳುಗಳು ಹೂ ಕಟ್ಟುವುದನ್ನು ಮರೆತಿರುವುದಿಲ್ಲ. ಎರಡು ಹೂ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಯಾರು ಮುಡಿಯಬೇಕು, ಯಾರು ಮುಡಿಯಬಾರದು ಅನ್ನುವ ಲೆಕ್ಕ ಮಾತ್ರ ತೋಟದಲ್ಲಿ ಬೇಡ. ಕೇಳಿದವರಿಗೆಲ್ಲ ಒಂದೊಂದು ತುಂಡು.

ಹೋಗುವವರಿಗೆ, ನೀವೇ ಹೋಗಬೇಕಾದಾಗ

ನೀವು ನಿಲ್ಲಿಸಬೇಕಾಗಿ ಬಂದರೆ ಮೂರು ವಾರ ಮೊದಲೇ ಹೇಳಿ. ಪ್ರತಿ ವಾರ ಬರೆದಿಟ್ಟ ಪುಸ್ತಕವನ್ನು, ಯಾವ ಮಡಿಯಲ್ಲಿ ಯಾವ ದಿನ ಏನು ಬಿತ್ತಿದ್ದು, ಯಾವುದಕ್ಕೆ ಹುಳ ಬಂತು ಎಲ್ಲವನ್ನೂ, ಮುಂದೆ ಬರುವವರಿಗೋ ಮಾಲಿಗೋ ಕೊಡಿ. ಅದರಲ್ಲಿ ಒಳಗಿರುವವರ ಹೆಸರು ಇರಬಾರದು.

ಡಿಸ್ಚಾರ್ಜ್ ಆಗುವವರು ತೋಟಕ್ಕೆ ಬಂದು ಹೇಳಿ ಹೋಗುವುದುಂಟು. ವಿಳಾಸ, ಫೋನ್ ನಂಬರು ಕೇಳಬೇಡಿ, ನಿಮ್ಮದೂ ಕೊಡಬೇಡಿ. ಕಾಗದದ ಪೊಟ್ಟಣದಲ್ಲಿ ದಂಟಿನ ಬೀಜ ಒಂದು ಚಮಚ ಕಟ್ಟಿ, ಸಿಸ್ಟರ್‌ಗೆ ತಿಳಿಸಿ ಕೊಡಿ. ನಮ್ಮಲ್ಲಿ ಯಾರನ್ನೂ "ಹೋಗಿ" ಅಂತ ಕಳಿಸುವುದಿಲ್ಲ, "ಹೋಗಿ ಬನ್ನಿ" ಅನ್ನುತ್ತೇವೆ. ಆಸ್ಪತ್ರೆಯ ಗೇಟಿನಲ್ಲಿ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಾನು "ಚೆನ್ನಾಗಿರಿ, ಮರಳು ಬೆರೆಸಿ ಬಿತ್ತಿ" ಅನ್ನುತ್ತೇನೆ. ಅವರು ಅತ್ತ ಹೋದ ಮೇಲೆ ಅವರ ಸಾಲಿಗೆ ಇನ್ನು ಯಾರು ನೀರು ಹಾಕುತ್ತಾರೆ ಅಂತ ಅಲ್ಲೇ, ಆಗಲೇ ಎಲ್ಲರನ್ನೂ ಕೇಳಿ.